ಹೆರಿಗೆ ಕೋಣೆಯ ಇಂಗ್ಲಿಷ್ ರೆಕಾರ್ಡು

ಹೋದ ವಾರ ಕರೆಂಟು ಹೋದಾಗ, ಅಲಮಾರಿಯ ಮೂಲೆಯಲ್ಲಿ ಎಷ್ಟೋ ವರ್ಷದಿಂದ ಬಿದ್ದುಕೊಂಡಿದ್ದ ಕೈಬ್ಯಾಟರಿಯನ್ನು ತೆಗೆದು ಗುಂಡಿ ಒತ್ತಿದೆ. ಹತ್ತಲಿಲ್ಲ. ಹಿಂದಿನ ಮುಚ್ಚಳ ತಿರುಗಿಸಿ ಸೆಲ್ಲುಗಳನ್ನು ಅಂಗೈಗೆ ಸುರಿದುಕೊಂಡೆ. ಎರಡೂ ಸೋರಿ ಮೈತುಂಬ ಬಿಳಿ ಹಿಟ್ಟು ಕಟ್ಟಿತ್ತು. ಆ ವಾಸನೆ ಮೂಗಿಗೆ ಬಡಿಯಿತು ನೋಡಿ… ಹುಳಿಹುಳಿ, ತುಕ್ಕುತುಕ್ಕು ವಾಸನೆ. ಎಪ್ಪತ್ತೈದು ದಾಟಿದ ಮುದುಕಿ, ಸತ್ತ ಸೆಲ್ಲು ಹಿಡಿದುಕೊಂಡು ಗಡಗಡ ನಡುಗುತ್ತ ನಿಂತಿದ್ದಳು ಅಂದರೆ ನನ್ನ ಮೊಮ್ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ಅವರೇನು ಹಡೆದಿದ್ದಾರೆಯೆ?

ಆ ವಾಸನೆ ನನಗೆ ನರ್ಸಬಾಯಿಯದು. ಆಕೆಯ ಹೆಸರೇನು ಅಂತ ಈಗಲೂ ನನಗೆ ಗೊತ್ತಿಲ್ಲ. ಇಂಡಿ ಊರಿನ ಹೆರಿಗೆ ದವಾಖಾನೆಯ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕು ಅಂತ ಅನ್ನಿಸಿರಲೂ ಇಲ್ಲ. ನರ್ಸಬಾಯಿ ಅಂದರೆ ನರ್ಸಬಾಯಿ. ಗದಗಿನ ಕಡೆಯ ಕ್ರಿಶ್ಚಿಯನ್ನರ ಹೆಂಗಸು, ಒಣಗಿದ ಕಡ್ಡಿಯಂಥ ಮೈ, ಬಾಯಲ್ಲಿ ಸದಾ ಒಂದು ಲವಂಗ, ಮೂಗಿನ ತುದಿಯಲ್ಲಿ ಸಿಟ್ಟು. ಆಕೆಯ ಹತ್ತಿರ ಸೆಲ್ಲು ಹಾಕಿ ನಡೆಸುವ ಒಂದು ರೆಕಾರ್ಡು ಪೆಟ್ಟಿಗೆ ಇತ್ತು, ಒಂದೇ ಒಂದು ಇಂಗ್ಲಿಷ್ ರೆಕಾರ್ಡು ಇತ್ತು. ಆ ರೆಕಾರ್ಡಿನ ಬಗ್ಗೆ ಬರೆಯಬೇಕು ಅಂತಲೇ ಕೂತಿದ್ದೇನೆ. ನನ್ನ ಜನ್ಮದಲ್ಲಿ ನಾನು ಇಷ್ಟಪಟ್ಟು, ಮೈಯೆಲ್ಲ ಕಿವಿಯಾಗಿ ಕೇಳಿದ ಸಂಗೀತ ಅದೊಂದೇ.

ಅರವತ್ತರ ದಶಕದ ಕೊನೆಯ ಮಾತು. ನನಗಾಗ ಹತ್ತೊಂಬತ್ತು. ಗಂಡ ಸೊಲ್ಲಾಪುರದ ಮಿಲ್ಲಿನಲ್ಲಿ, ಅತ್ತೆ ಮಾವ ಇಂಡಿಯ ಹತ್ತಿರದ ಹಳ್ಳಿಯಲ್ಲಿ, ನಾನು ಚೊಚ್ಚಲ ಬಸುರಿ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನನ್ನ ತವರು ಅಗರಖೇಡ. ಆದರೆ ಕುಬಸದ ಶಾಸ್ತ್ರ ಮುಗಿಸಿಕೊಂಡು ತವರಿಗೆ ಬಂದ ನನ್ನನ್ನು ಅವ್ವ ಆ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ದಿನ ತುಂಬುವ ಮೊದಲೇ ಗಾಡಿ ಕಟ್ಟಿಸಿ ಇಂಡಿಗೆ ಕರೆದುಕೊಂಡು ಬಂದಳು. ಹೆರಿಗೆ ದವಾಖಾನೆಯ ಗೋಡೆಗೆ ಹತ್ತಿಕೊಂಡಿದ್ದ ಒಂದು ಕೋಣೆಯಲ್ಲಿ ಒಲೆ ಹೂಡಿದಳು. ಯಾಕೆ ಅಂತ ಯಾರೂ ಆಕೆಯನ್ನು ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅದಕ್ಕೆ ಕೆಲವು ವರ್ಷ ಮೊದಲು ನಮ್ಮಕ್ಕ ಅದೇ ಮನೆಯ ಒಳಕೋಣೆಯಲ್ಲಿ ಹಡೆಯಲಾರದೆ ಸತ್ತಿದ್ದಳು. ಕೂಸೂ ಉಳಿಯಲಿಲ್ಲ. ನಮ್ಮ ಕಡೆ ಆಗೊಂದು ಪದ್ಧತಿ. ಬೇನೆ ತಿನ್ನುವ ಹೆಂಗಸಿನ ದನಿ ಹೊರಗಿನ ಕಟ್ಟೆಯ ಮೇಲೆ ಕೂತ ಗಂಡಸರಿಗೆ ಕೇಳಬಾರದು. ಕೇಳಿದರೆ ಮರ್ಯಾದೆ ಹೋಯಿತು. ಬಾಯಿಗೆ ಸೆರಗು ತುರುಕಿಕೊಂಡು, ಹಲ್ಲು ಕಚ್ಚಿ, ಕಣ್ಣಲ್ಲೇ ನೀರು ಹಾಕಿ ಹಡೆಯಬೇಕು. ಅಕ್ಕ ಹಾಗೆಯೇ ಮಾಡಿದಳು. ನಾನು ಬಾಗಿಲ ಬಳಿ ಬಿಸಿನೀರಿನ ಒಲೆ ಉರಿಸುತ್ತಿದ್ದೆ. ಒಳಗಿನಿಂದ ಬಳೆಗಳ ಸದ್ದು ಬರುತ್ತಿತ್ತು. ಆಮೇಲೆ ಅದೂ ಬರಲಿಲ್ಲ… ಸೂಲಗಿತ್ತಿ ಮುದುಕಿಗೆ ಒಳಗೆ ಏನಾಗುತ್ತಿದೆ ಅಂತ ತಿಳಿಯುವ ಹೊತ್ತಿಗೆ ತಿಳಿದು ಉಪಯೋಗವಿರಲಿಲ್ಲ. ಮಣ್ಣು ಕೊಟ್ಟು ಬಂದವರೆಲ್ಲ ಅಪ್ಪನ ಮುಂದೆ ಅಕ್ಕನನ್ನು ಹೊಗಳಿದರು. ಒಂದು ಸೊಲ್ಲು ಎತ್ತದೆ ಹೋದಳು, ಎಂಥ ಮಗಳು ಅಂದರು.

ಹೀಗಾಗಿ ನಾನು ಇಂಡಿಗೆ ಬಂದದ್ದು ಹಡೆಯಲಿಕ್ಕೆ ಅಲ್ಲ, ಸಾಯಲಿಕ್ಕೆ ಅಂತಲೇ ತಿಳಿದುಕೊಂಡಿದ್ದೆ. ಹೊಟ್ಟೆಯಲ್ಲಿ ಕೂಸು ಹೊರಳಿದರೆ ಉಳಿದವರು ಹಿಗ್ಗುತ್ತಾರಂತೆ. ನಾನು ಮಾತ್ರ ಅದು ಹೊರಳಿದಾಗೆಲ್ಲ ದಿನ ಹತ್ತಿರ ಬಂತು ಅಂತ ಬೆವರುತ್ತಿದ್ದೆ. ಅವ್ವನ ಹತ್ತಿರ ಹೇಳಿಕೊಳ್ಳುವ ಹಾಗಿರಲಿಲ್ಲ. ಅಕ್ಕ ಹೋದ ಮೇಲೆ ಅವ್ವ ಆಕೆಯ ಹೆಸರನ್ನೇ ಎತ್ತುತ್ತಿರಲಿಲ್ಲ. ನನ್ನನ್ನು ಗಾಜಿನ ಬಳೆಯ ಹಾಗೆ ನೋಡಿಕೊಳ್ಳುತ್ತಿದ್ದಳು. ತುಪ್ಪ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಮಾತಾಡದೆ ಇರುತ್ತಿದ್ದಳು.

ಬಂದ ಮೊದಲ ವಾರದಲ್ಲೇ ಒಂದು ಮಧ್ಯಾಹ್ನ ಗೋಡೆಯ ಆಚೆಯಿಂದ ಆ ಸದ್ದು ಶುರುವಾಯಿತು. ದೇವರಾಣೆ, ನನಗದು ಹಾಡು ಅಂತ ತಿಳಿಯಲೇ ಇಲ್ಲ. ಬಡಿಗೇರ ಹಸಿ ಬೇವಿನ ಮರಕ್ಕೆ ಗರಗಸ ಹಾಕಿದಂತೆ ಒಂದು ಸದ್ದು, ಅದರ ಕೆಳಗೆ ಯಾರೋ ದಬದಬ ಬಾಗಿಲು ಬಡಿದಂತೆ ಇನ್ನೊಂದು. ಮೇಲೆ ಒಬ್ಬ ಗಂಡಸು ಗಂಟಲು ಹರಿದುಕೊಳ್ಳುತ್ತಿದ್ದ. ಅವ್ವ ಕೈಯಲ್ಲಿದ್ದ ರೊಟ್ಟಿ ಹಿಟ್ಟು ಬಿಟ್ಟು ಎದ್ದು ನಿಂತಳು. ಯಾರನ್ನೋ ಬಡಿಯುತ್ತಿದ್ದಾರೆ ಅಂದುಕೊಂಡೆವು. ಗೋಡೆಗೆ ಕಿವಿ ಹಚ್ಚಿದೆ. ಆಗ ಆ ಗದ್ದಲದ ಒಳಗೆ ಇನ್ನೊಂದು ದನಿ ಕೇಳಿಸಿತು… ಹೆಂಗಸಿನ ದನಿ. ಒದರುತ್ತಿದ್ದಳು, ಜೀವ ಹೋಗುವ ಹಾಗೆ. ನಾನು ಗೋಡೆ ಬಿಟ್ಟು ಹಾಸಿಗೆಯ ಮೇಲೆ ಮುದ್ದೆಯಾಗಿ ಕೂತೆ.

ಸಂಜೆ ನೋಡಿದರೆ ಲಚ್ಯಾಣದ ಹೆಂಗಸೊಬ್ಬಳು ಗಂಡು ಹಡೆದು ಆರಾಮ ಮಲಗಿದ್ದಳು. ಆಕೆಯ ಅತ್ತೆ ಅಂಗಳದ ಬೇವಿನ ಮರದ ಕೆಳಗೆ ಕೂತು, ನಮ್ಮ ಸೊಸೆ ಕುಂಯ್ ಅನ್ನಲಿಲ್ಲ ಅಂತ ಕಂಡಕಂಡವರ ಮುಂದೆ ಹೇಳಿಕೊಳ್ಳುತ್ತಿದ್ದಳು. ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ಗೋಡೆಯ ಈಚೆ ಇದ್ದ ನಮಗೆ ಕೇಳಿದ್ದು ಮರದ ಕೆಳಗಿದ್ದವರಿಗೆ ಕೇಳಿರಲಿಲ್ಲ! ಅವರಿಗೆ ಕೇಳಿದ್ದು ಇಂಗ್ಲಿಷ್ ಹಾಡು ಮಾತ್ರ. ಆ ಊರಿನಲ್ಲಿ ದೊಡ್ಡದೊಂದು ತಪ್ಪು ತಿಳಿವಳಿಕೆ ಬೆಳೆದುಬಿಟ್ಟಿತ್ತು: ಈ ನರ್ಸಬಾಯಿ ಬಂದ ಮೇಲೆ ಹೆಂಗಸರು ಅಳುವುದೇ ಇಲ್ಲ, ಆ ಹಾಡಿನಲ್ಲಿ ಏನೋ ಇದೆ, ಅದನ್ನು ಕೇಳಿದರೆ ಬೇನೆ ಗೊತ್ತಾಗುವುದಿಲ್ಲ. ಎಮ್ಮೆ ಈಯಲು ತ್ರಾಸು ಪಡುತ್ತಿದೆ, ಆ ಪೆಟ್ಟಿಗೆ ಸ್ವಲ್ಪ ಕೊಡ್ರಿ ಅಂತ ಒಬ್ಬ ರೈತ ಬಂದು ಬೈಸಿಕೊಂಡು ಹೋಗಿದ್ದನಂತೆ. ಇನ್ನು ಕೆಲವು ಹಿರಿಯರಿಗೆ ಮಾತ್ರ ಮೈ ಉರಿಯುತ್ತಿತ್ತು, ಹೆರಿಗೆ ಮನೆಯಲ್ಲಿ ಬ್ಯಾಂಡು ಬಾರಿಸುತ್ತಾಳೆ ಅಂತ.

ನನ್ನ ಮುಖ ನೋಡಿಯೇ ನರ್ಸಬಾಯಿಗೆ ಎಲ್ಲ ತಿಳಿಯಿತು ಅಂತ ಕಾಣುತ್ತದೆ. ಮರುದಿನ ನನ್ನನ್ನು ತನ್ನ ಕೋಣೆಗೆ ಕರೆದು ಚಾಪೆಯ ಮೇಲೆ ಕೂರಿಸಿ, ಪೆಟ್ಟಿಗೆ ತೆರೆದಳು. ಆಕೆ ನರ್ಸಿನ ಕೆಲಸ ಕಲಿತ ಮಿಷನ್ ಆಸ್ಪತ್ರೆಗೆ ಪರದೇಶದ ಹುಡುಗಿಯೊಬ್ಬಳು ಬಂದಿದ್ದಳಂತೆ. ತಿರುಗಿ ಹೋಗುವಾಗ ಆ ಪೆಟ್ಟಿಗೆಯನ್ನೂ ರೆಕಾರ್ಡನ್ನೂ ಈಕೆಗೆ ಕೊಟ್ಟು ಹೋಗಿದ್ದಳಂತೆ. ರೆಕಾರ್ಡಿನ ರಟ್ಟಿನ ಮೇಲೆ ಉದ್ದ ಕೂದಲಿನ ನಾಲ್ವರು ಹುಡುಗರು ಕೋಟು ಹಾಕಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಒಬ್ಬ ಕಣ್ಣು ಮುಚ್ಚಿ ನಗುತ್ತಿದ್ದ. ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ನನಗೆ ಆಗ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳಬೇಕಿತ್ತು…

"ಮೊದಲ ಇದರ ಅಂಜಿಕಿ ಕಳಕೋ ತಂಗಿ. ಆಮ್ಯಾಲ ಆ ಅಂಜಿಕಿ ನೋಡೂಣು" ಅಂದಳು.

ನಾನು ಆ ಹಾಡುಗಳ ಅಂಜಿಕೆ ಕಳೆದುಕೊಂಡದ್ದು ನಿಧಾನಕ್ಕೆ. ಹೆರಿಗೆ ಇಲ್ಲದ ಮಧ್ಯಾಹ್ನಗಳಲ್ಲಿ ಆಕೆ ದನಿ ಸಣ್ಣದು ಮಾಡಿ ಒಂದೆರಡು ಹಾಡು ಹಾಕುತ್ತಿದ್ದಳು. ಹೆಚ್ಚು ಹಾಕಿದರೆ ಸೆಲ್ಲು ಸುಮ್ಮನೆ ಖರ್ಚಾಗುತ್ತವೆ ಅನ್ನುತ್ತಿದ್ದಳು. ಮೊದಲನೆಯ ಹಾಡಿಗೆ ಮುನ್ನ ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಎಣಿಸುತ್ತಾನೆ, ಎಣಿಸಿ ಮುಗಿಸುವಷ್ಟರಲ್ಲಿ ಎಲ್ಲರೂ ಒಟ್ಟಿಗೆ ಮೈಮೇಲೆ ಬೀಳುತ್ತಾರೆ. ಮೊದಮೊದಲು ಆ ಎಣಿಕೆ ಶುರುವಾದರೆ ಸಾಕು, ನಾನು ಚಾಪೆಯ ಅಂಚು ಹಿಡಿದುಕೊಳ್ಳುತ್ತಿದ್ದೆ. ಆಮೇಲೆ ಅದರಲ್ಲಿ ಒಂದು ದಾರಿ ಕಾಣತೊಡಗಿತು. ಡ್ರಮ್ಮಿನವನು ಸುಮ್ಮನೆ ಬಡಿಯುತ್ತಿಲ್ಲ, ಉಳಿದವರನ್ನು ಕೈಹಿಡಿದು ನಡೆಸುತ್ತಿದ್ದಾನೆ ಅಂತ ತಿಳಿಯಿತು. ಗರಗಸ ಅಂದುಕೊಂಡ ಗಿಟಾರು ಕೊನೆಕೊನೆಗೆ ಅಳುವ ಮಗು ಸುಮ್ಮನಾಗುವ ಹಾಗೆ ಬಿಕ್ಕಿಬಿಕ್ಕಿ ತಣ್ಣಗಾಗುವುದು ಕೇಳಿಸಿತು. ಒಂದು ದಿನ ನನಗೆ ಗೊತ್ತಿಲ್ಲದೆಯೇ ಕಾಲಬೆರಳು ಕುಣಿಸುತ್ತಿದ್ದೆ. ನರ್ಸಬಾಯಿ ನೋಡಿ, ಕುಣಿ ಕುಣಿ ಬಸುರಿ ಅಂತ ಚಾಷ್ಟಿ ಮಾಡಿ ನಕ್ಕಳು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮೊದಲ ಮಗ್ಗುಲಿನ ಮೂರನೆಯ ಹಾಡು. ದಪ್ಪ ದನಿಯ ಗಿಟಾರೊಂದೇ ಮೊದಲು ಬರುತ್ತದೆ, ಸಂಜೆ ಎಮ್ಮೆ ಮನೆಗೆ ಬರುವ ಹಾಗೆ, ಯಾವ ಅವಸರವೂ ಇಲ್ಲ. ಹಾಡುವವನು ತಡೆಯುತ್ತಾನೆ, ತಡೆಯುತ್ತಾನೆ, ಇನ್ನು ಹಾಡುವುದೇ ಇಲ್ಲವೇನೋ ಅನ್ನುವಾಗ ಬಾಯಿ ತೆರೆಯುತ್ತಾನೆ. ಅದರಲ್ಲಿ ಶಬ್ದವೇ ಇಲ್ಲ. ಇಂಗ್ಲಿಷೂ ಇಲ್ಲ, ಏನೂ ಇಲ್ಲ. ಬರೀ ಒದರುತ್ತಾನೆ. ದನಿ ಒಡೆಯುತ್ತದೆ, ಉಸಿರು ಸಾಲುವುದಿಲ್ಲ, ಆದರೂ ಬಿಡುವುದಿಲ್ಲ. ಅದನ್ನು ಕೇಳಿದಾಗೆಲ್ಲ ನನ್ನ ಕುತ್ತಿಗೆಯ ಹಿಂದೆ ಕೂದಲು ನಿಲ್ಲುತ್ತಿದ್ದವು. ಒಬ್ಬ ಗಂಡಸು, ಕೋಟು ಹಾಕಿಕೊಂಡವನು, ಮಂದಿಯ ಮುಂದೆ ಹೀಗೆ ಒದರಿದ್ದಾನೆ. ಅದನ್ನು ರೆಕಾರ್ಡು ಮಾಡಿ, ರಟ್ಟಿನಲ್ಲಿ ಹಾಕಿ ಮಾರಿದ್ದಾರೆ. ಕೊಂಡವರು ಕಾಸು ಕೊಟ್ಟು ಕೇಳಿದ್ದಾರೆ. ನಮ್ಮಕ್ಕ ಯಾವ ಪಾಪ ಮಾಡಿದ್ದಳು? ಈ ಯೋಚನೆ ಬಂದ ದಿನ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಂಜಿಕೆಯ ನಡುವೆ ಅಷ್ಟು ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು.

ಅಕ್ಕನ ಸಂಗತಿಯನ್ನು ನರ್ಸಬಾಯಿಗೆ ಹೇಳಿದ್ದೂ ಅವತ್ತೇ. ಆಕೆ ರೆಕಾರ್ಡಿನ ಮೇಲಿದ್ದ ಸೂಜಿಯನ್ನು ಎತ್ತಿಟ್ಟು ನನ್ನ ಕಡೆ ತಿರುಗಿದಳು.

"ಬ್ಯಾನಿ ಎಲ್ಲಿಗೆ ಬಂತು ಅನ್ನೂದು ನಿನ್ನ ದನಿ ಕೇಳಿ ನನಗ ತಿಳೀತೈತಿ. ನೀ ಬಾಯಿ ಮುಚ್ಚಿದ್ರ ನಾ ಕಣ್ಣ ಕಟಗೊಂಡು ಕೆಲಸ ಮಾಡಿದಂಗ. ಹೊರಗಿನ ಮಂದಿ ಹಾಡ ಕೇಳಲಿ, ನಾ ನಿನ್ನ ಕೇಳತೇನಿ."

ಆಮೇಲೆ, ತನಗೂ ಪ್ರತಿ ಸಲ ಅಂಜಿಕೆ ಆಗುತ್ತದೆ ಅಂದಳು. ನಾನು ನಂಬಲಿಲ್ಲ. ಆದರೆ ಮುಂದೆ ಗಮನಿಸಿದೆ: ರೆಕಾರ್ಡಿನ ಮೇಲೆ ಸೂಜಿ ಇಡುವಾಗ ಆಕೆಯ ಕೈ ಸಣ್ಣಗೆ ನಡುಗುತ್ತಿತ್ತು. ಹಾಡು ಶುರುವಾಯಿತೋ, ಕೈ ನಿಂತುಬಿಡುತ್ತಿತ್ತು. ಆ ಹಾಡು ನಮಗೆ ಎಷ್ಟು ಬೇಕಿತ್ತೋ ಆಕೆಗೂ ಅಷ್ಟೇ ಬೇಕಿತ್ತು ಅಂತ ಕಾಣುತ್ತದೆ.

ನನ್ನ ಬೇನೆ ಹತ್ತಿಕೊಂಡದ್ದು ಸಂತೆಯ ದಿನ, ಬೆಳಗಿನ ರೊಟ್ಟಿ ತಿಂದ ಮೇಲೆ. ಇದಕ್ಕಿಂತ ಕೆಟ್ಟ ದಿನ ಇನ್ನೊಂದಿರಲಿಲ್ಲ. ದವಾಖಾನೆಯ ಮುಂದಿನ ದಾರಿಯೇ ಸಂತೆಗೆ ಹೋಗುವ ದಾರಿ. ಆಡು ಕುರಿ ಹೊಡೆದುಕೊಂಡು, ಬುಟ್ಟಿ ಹೊತ್ತುಕೊಂಡು ಊರೂರಿನ ಮಂದಿ ಹಾಯುತ್ತಿದ್ದರು. ಅಂಗಳದ ಬೇವಿನ ಮರದ ಕೆಳಗೆ ದಣಿವಾರಿಸಿಕೊಳ್ಳಲು ಕೂರುತ್ತಿದ್ದರು. ಸಂತೆಗೆ ಬಂದಿದ್ದ ಅತ್ತೆ ಮಾವನಿಗೂ ಸುದ್ದಿ ಮುಟ್ಟಿ, ಅವರೂ ಬಂದು ಅದೇ ಮರದ ಕೆಳಗೆ ಕೂತರು. ನಮ್ಮ ಮಾವ ಊರ ಹಿರಿಯ. ಅವರ ಮುಂದೆ ನಾನು ಒಮ್ಮೆಯೂ ತಲೆಯ ಮೇಲಿನ ಸೆರಗು ಜಾರಗೊಟ್ಟವಳಲ್ಲ, ದನಿ ತೆಗೆದವಳಲ್ಲ. ಹೆರಿಗೆ ಕೋಣೆಯ ಕಿಟಕಿಯಿಂದ ಅವರು ತಲೆಗೆ ಸುತ್ತಿದ್ದ ಹಳದಿ ಪಟಗದ ತುದಿ ಕಾಣುತ್ತಿತ್ತು. ಬಂದ ಬೇನೆಗಿಂತ ಆ ಪಟಗ ನೋಡಿ ನನ್ನ ಬಾಯಿ ಒಣಗಿತು.

ನರ್ಸಬಾಯಿ ಕಿಟಕಿ ಮುಚ್ಚಿ ರೆಕಾರ್ಡು ಹಾಕಿದಳು. ಹುಡುಗ ಎಣಿಸಿದ, ಎಲ್ಲರೂ ಮೈಮೇಲೆ ಬಿದ್ದರು. ಆ ದಿನ ಮೊದಲ ಸಲ ನಾನೂ ಅವರ ಜೊತೆ ಬಿದ್ದೆ. ಬೇನೆ ಎದ್ದಾಗ ಒದರಿದೆ. ಮೊದಲ ಒದರಾಟ ನನ್ನದು ಅಂತ ನನಗೇ ಅನ್ನಿಸಲಿಲ್ಲ. ಮೂರನೆಯ ಹಾಡು ಬಂದಾಗ ಆ ಕೋಟಿನ ಹುಡುಗ, ನಾನು ಇಬ್ಬರೂ ಒಟ್ಟಿಗೇ ಒದರಿದೆವು. ನಗು ಬರುತ್ತದೆ ಈಗ. ಅವನೆಲ್ಲಿಯವನೋ, ಅವನಿಗೆ ಇಂಡಿ ಎಲ್ಲಿದೆ ಗೊತ್ತೋ! ನರ್ಸಬಾಯಿ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟು, ತಲೆ ಓರೆ ಮಾಡಿ, ನನ್ನ ದನಿಯನ್ನೇ ಕೇಳುತ್ತಿದ್ದಳು. ಅವ್ವ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು, ಯಾರೂ ಒಳಗೆ ಬರದ ಹಾಗೆ. ಆಕೆ ನನ್ನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು.

ರೆಕಾರ್ಡು ಮುಗಿಯಿತು, ತಿರುವಿ ಹಾಕಿದಳು. ಅದು ಮುಗಿಯಿತು, ಮತ್ತೆ ಮೊದಲಿನ ಮಗ್ಗುಲು. ಹೊತ್ತು ನೆತ್ತಿಗೆ ಬಂತು. ಕೂಸು ಮಾತ್ರ ಬರಲೊಲ್ಲದು. ಎಲ್ಲೋ ತಡೆದು ನಿಂತಂತಾಗಿತ್ತು. ನನ್ನ ಮೈಯಲ್ಲಿ ಬೆವರಿಗೂ ನೀರು ಉಳಿದಿರಲಿಲ್ಲ. ಅಕ್ಕನಿಗೂ ಹೀಗೇ ಆಗಿತ್ತು, ಇದೇ ಹೊತ್ತು, ಇದೇ ಬಿಸಿಲು… ಆಗ ಗಿಟಾರು ಸೋತಂತೆ ಕೇಳಿಸಿತು. ದನಿ ಕೆಳಕೆಳಗೆ ಇಳಿಯಿತು. ಹಾಡುತ್ತಿದ್ದ ಹುಡುಗ ಮುದುಕನಾದ. ಮುದುಕ ದನಿ ಎಳೆಯುತ್ತ ಎಳೆಯುತ್ತ ಕೋಣ ಒರಲಿದ ಹಾಗೆ ಒರಲಿದ. ಡ್ರಮ್ಮು ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ದಮ್ಮು ಹಿಡಿಯತೊಡಗಿತು. ನಾನು ಸಾಯುತ್ತಿದ್ದೇನೆ ಅಂತ ನನಗೆ ಖಾತ್ರಿಯಾಯಿತು. ಜೀವ ಹೋಗುವಾಗ ಜಗತ್ತೆಲ್ಲ ಹೀಗೆ ನಿಧಾನವಾಗುತ್ತದೆ ಅಂದುಕೊಂಡೆ. ಅದು ಸೆಲ್ಲು ಸಾಯುತ್ತಿದ್ದುದು ಅಂತ ನನಗೇನು ಗೊತ್ತು? ನರ್ಸಬಾಯಿ ಓಡಿ ಪೆಟ್ಟಿಗೆಯ ಹಿಂದಿನ ಮುಚ್ಚಳ ಕಿತ್ತಳು. ಸೆಲ್ಲುಗಳು ಸೋರಿದ್ದವು. ಆ ಹುಳಿ ವಾಸನೆ ಕೋಣೆ ತುಂಬಿತು. ಹಾಡು ನಿಂತಿತು.

ಅಂಥ ನಿಶ್ಶಬ್ದ ನಾನು ಮತ್ತೆ ಕೇಳಿಲ್ಲ. ಕಿಟಕಿಯ ಆಚೆ ಒಬ್ಬ ಆಡಿನ ವ್ಯಾಪಾರ ಮಾಡುತ್ತಿದ್ದುದು ಕೇಳಿಸಿತು. ಮಾವ ಕೆಮ್ಮಿದ್ದು ಕೇಳಿಸಿತು, ಇಲ್ಲೇ, ಮಗ್ಗುಲಲ್ಲೇ ಕೂತು ಕೆಮ್ಮಿದ ಹಾಗೆ. ಅವರ ಕೆಮ್ಮು ನನಗೆ ಕೇಳಿದರೆ ನನ್ನ ದನಿ ಅವರಿಗೆ ಕೇಳುವುದಿಲ್ಲವೆ? ಮರುಗಳಿಗೆಯಲ್ಲೇ ಬೇನೆ ಎದ್ದಿತು, ಅದುವರೆಗೆ ಬಂದ ಯಾವುದರ ಹಾಗೂ ಅಲ್ಲದ ಬೇನೆ. ನಾನು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡೆ.

ನರ್ಸಬಾಯಿ ಒದರು ಅಂದಳು. ಬೈದಳು. ತೊಡೆಯ ಮೇಲೆ ಚಟ್ಟನೆ ಹೊಡೆದಳು. ಸೆರಗು ಕೀಳಲು ನೋಡಿದಳು, ನನ್ನ ಹಲ್ಲು ಬಿಡಲಿಲ್ಲ. ನಾನು ಬೇಕೆಂದು ಹಿಡಿದಿರಲಿಲ್ಲ. ಬಾಯಿ ನನ್ನ ಮಾತು ಕೇಳುತ್ತಿರಲಿಲ್ಲ. ಆಕೆಯ ಮುಖ ನೋಡಿದೆ. ಲವಂಗ ಉಗುಳಿಬಿಟ್ಟಿದ್ದಳು. ಆ ಹೆಂಗಸು ನನ್ನಷ್ಟೇ ಅಂಜಿದ್ದಳು, ಅದು ಕಂಡು ನನ್ನ ಜೀವ ಇನ್ನಷ್ಟು ಹಾರಿತು.

ಆಗ ಅವ್ವ ಬಾಗಿಲು ಬಿಟ್ಟು ಬಂದಳು. ಎರಡೂ ಕೈಯಿಂದ ನನ್ನ ದವಡೆ ಹಿಡಿದು, ಬೆರಳು ಒಳಗೆ ಹಾಕಿ, ಸೆರಗನ್ನು ಎಳೆದು ತೆಗೆದಳು. ಬೆರಳಿಗೆ ಹಲ್ಲು ನಟ್ಟು ರಕ್ತ ಬಂತು, ಆಕೆ ಕೈ ತೆಗೆಯಲಿಲ್ಲ.

"ನಿಮ್ಮಕ್ಕನ ಬಾಯಾಗ ಸೆರಗ ತುರುಕಿದಾಕಿ ನಾನು. ನೀ ಒದರ ನನ್ನವ್ವ. ಯಾರ ಕೇಳತಾರ ಕೇಳಲಿ."

ಹಾಗೆಂದು ನನಗಿಂತ ಮೊದಲು ತಾನೇ ಒದರಿದಳು. ಅವ್ವನಿಂದ ಅಂಥ ದನಿ ಬರುತ್ತದೆ ಅಂತ ನಾನು ಕನಸಿನಲ್ಲೂ ನೆನೆಸಿರಲಿಲ್ಲ. ಅಕ್ಕ ಸತ್ತಾಗ ಆಕೆ ಹೀಗೆ ಅತ್ತಿರಲಿಲ್ಲ. ಮಂದಿ ಇದ್ದರಲ್ಲ, ಗಂಡಸರು ಇದ್ದರಲ್ಲ. ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನ್ನೆಲ್ಲ ಅವತ್ತು ನನ್ನ ತಲೆಯ ಹತ್ತಿರ ನಿಂತು ಹೊರಗೆ ಹಾಕಿದಳು. ಆಗ ನನ್ನ ಬಾಯಿ ಬಿಚ್ಚಿತು. ತಾಯಿ ಮಗಳು ಇಬ್ಬರೂ ಒದರಿದೆವು. ಆಡಿನ ವ್ಯಾಪಾರ ನಿಂತಿತು, ಕೆಮ್ಮು ನಿಂತಿತು, ಇಡೀ ಸಂತೆಯ ದಾರಿಯೇ ಸುಮ್ಮನಾಯಿತು. ನನ್ನ ದನಿ ಎಲ್ಲೋ ಒಂದು ಕಡೆ ತಿರುಗಿತು. ಅದನ್ನು ಕೇಳಿದ್ದೇ ನರ್ಸಬಾಯಿ, ಈಗ ಈಗ ಅಂತ ನನ್ನನ್ನು ಎಡಮಗ್ಗುಲಿಗೆ ಹೊರಳಿಸಿ, ಮೊಣಕಾಲು ಮಡಿಚಿ ಹಿಡಿದಳು. ಆಮೇಲಿನದು ನನಗೆ ಪೂರಾ ನೆನಪಿಲ್ಲ… ಕೂಸು ಅತ್ತದ್ದು ನೆನಪಿದೆ. ನನ್ನ ದನಿಯೇ ಹೊರಳಿ ಬಂತೇನೋ ಅನ್ನಿಸಿತ್ತು.

ಹೆಣ್ಣು. ಇನ್ನೊಂದು ಗಳಿಗೆ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಅಂತ ನರ್ಸಬಾಯಿ ಅವ್ವನಿಗೆ ಹೇಳಿದಳು. ಅವ್ವನ ಬೆರಳಿಗೆ ಅರಿವೆ ಸುತ್ತುತ್ತ ಹೇಳಿದಳು. ಆಮೇಲೆ ಇಬ್ಬರೂ ನೆಲದ ಮೇಲೆ ಕಾಲು ಚಾಚಿ ಕೂತು, ಒಂದೇ ಲೋಟದಲ್ಲಿ ಚಹಾ ಕುಡಿದರು. ಪರಜಾತಿಯವರ ಎಂಜಲು ಮುಟ್ಟಿದವಳಲ್ಲ ಅವ್ವ. ಅವತ್ತು ಕುಡಿದಳು.

ಮಾವ ಕೂಸಿನ ಮುಖ ನೋಡದೆ ಎದ್ದು ಹೋಗಿದ್ದರು. ಅತ್ತೆ ಒಳಗೆ ಬಂದು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡೇ, "ನಮ್ಮ ಸೊಸಿ ಸಂತಿಗೆಲ್ಲಾ ಡಂಗುರಾ ಹೊಡದು ಹಡದಾಳ" ಅಂದರು. ತಾವು ಬದುಕಿರುವ ತನಕ ಅಂದರು. ಮದುವೆ ಮುಂಜಿಯಲ್ಲಿ, ಬೀಸುವ ಕಲ್ಲಿನ ಮುಂದೆ, ಬಂದವರಿಗೆ ಬಂದಂತೆ ಹೇಳುತ್ತಿದ್ದರು. ಮೊದಲು ನೆಲಕ್ಕೆ ಇಳಿದುಹೋಗುತ್ತಿದ್ದೆ. ಆಮೇಲೆ ಆಮೇಲೆ, ಹೌದ್ರಿ ಅತ್ತಿ, ಒದರೇನಿ, ಅದಕ್ಕ ನಿಮಗ ರೊಟ್ಟಿ ಮಾಡಿ ಹಾಕಾಕ ಉಳದೇನಿ ಅನ್ನುವಷ್ಟು ಬಾಯಿ ಬಂತು.

ನಾನು ಬಾಣಂತನ ಮುಗಿಸುವ ಮೊದಲೇ ನರ್ಸಬಾಯಿಗೆ ಮುದ್ದೇಬಿಹಾಳದ ಕಡೆ ವರ್ಗವಾಯಿತು. ಬ್ಯಾಂಡಿನ ಮೇಲೆ ಯಾರೋ ದೂರು ಹೇಳಿದರು ಅಂತ ಒಬ್ಬರು, ಆಕೆಯೇ ಕೇಳಿಕೊಂಡಳು ಅಂತ ಇನ್ನೊಬ್ಬರು. ಸೂಟ್‌ಕೇಸು, ಹಾಸಿಗೆ ಸುರುಳಿ, ಆ ಪೆಟ್ಟಿಗೆ ಇಷ್ಟೇ ಬಸ್ಸಿನ ಮೇಲೆ ಹೋದವಂತೆ. ನಾನು ಅಗರಖೇಡದಲ್ಲಿ ಹಸಿ ಬಾಣಂತಿ, ನೋಡಲು ಆಗಲಿಲ್ಲ. ಹಲವು ವರ್ಷಗಳ ಮೇಲೆ ತಾಳಿಕೋಟೆಗೆ ಮದುವೆಗೆ ಹೋದಾಗ, ನರ್ಸಬಾಯಿ ಕೊನೆಗೆ ಅಲ್ಲೇ ಮನೆ ಮಾಡಿದ್ದಳು ಅಂತ ಕೇಳಿ, ಎತ್ತರಕ್ಕೆ ಬೆಳೆದಿದ್ದ ಮಗಳನ್ನು ಕರೆದುಕೊಂಡು ಹುಡುಕಿಕೊಂಡು ಹೋದೆ. ಬಾಗಿಲಿಗೆ ಬೀಗ ಇತ್ತು. ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಳು, ತಂಗಿಯ ಮಗಳು ಬಂದು ಸಾಮಾನು ಒಯ್ದಳು ಅಂತ ಮಗ್ಗುಲ ಮನೆಯವರು ಹೇಳಿದರು. ಮಗಳಿಗೆ ಏನು ತೋರಿಸಲಿ? ಬೀಗ ತೋರಿಸಿ ಕರೆದುಕೊಂಡು ಬಂದೆ.

ಆ ರೆಕಾರ್ಡು ಮತ್ತೆ ಸಿಗಲಿಲ್ಲ. ಮೊಮ್ಮಗ ಫೋನಿನಲ್ಲಿ ಕೇಳುವ ಗದ್ದಲದ ಹಾಡು ಕೇಳಿ, ಇಂಥದ್ದೇ ಅಂದೆ. ಅದಕ್ಕೆ ರಾಕ್ ಅಂತಾರೆ ಅಜ್ಜಿ ಅಂತ ಅವನು ಕಣ್ಣು ಅಗಲ ಮಾಡಿದ. ನೀರಿನಲ್ಲಿ ನಿಂತ ನಾಲ್ವರು, ಒಬ್ಬ ಕಣ್ಣು ಮುಚ್ಚಿದವನು, ಮೂರನೆಯ ಹಾಡಿನಲ್ಲಿ ಮಾತಿಲ್ಲದೆ ಒದರುವವನು ಅಂತೆಲ್ಲ ಗುರುತು ಹೇಳಿದೆ. ಪಾಪ, ಬಹಳ ಹುಡುಕಿದ. ತಂದು ಕೇಳಿಸಿದ್ದರಲ್ಲಿ ಕೆಲವು ಚೆನ್ನಾಗಿಯೂ ಇದ್ದವು. ಅದು ಮಾತ್ರ ಅಲ್ಲ. ಹೆಸರಿಲ್ಲದೆ ಹೇಗೆ ಹುಡುಕಲಿ ಅಜ್ಜಿ ಅಂದ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣ ಇದೆ. ಈಗ ನಾನು ಸಿಂದಗಿಯಲ್ಲಿ ಆ ಮಗಳ ಮನೆಯಲ್ಲೇ ಇದ್ದೇನೆ. ಮೊನ್ನೆ ಮಧ್ಯಾಹ್ನ ಬೀಗರು ಬಂದಿದ್ದರು. ಅವರು ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು, ನಾನು ಒಳಕೋಣೆಯಲ್ಲಿ ಮಲಗಿದ್ದೆ. ಒಮ್ಮೆಲೇ ಎದೆ ಹಿಡಿದುಕೊಂಡಿತು, ಉಸಿರು ತಿರುಗದ ಹಾಗೆ. ಗ್ಯಾಸು ಅಂತ ಆಮೇಲೆ ಡಾಕ್ಟರು ಹೇಳಿದರು, ಇರಲಿ. ಬಾಗಿಲು ಅರ್ಧ ತೆರೆದಿತ್ತು, ಒಂದು ಕೂಗು ಹಾಕಿದ್ದರೆ ಮಗಳು ಓಡಿ ಬರುತ್ತಿದ್ದಳು. ನೋವು ಇಳಿದ ಮೇಲೆ ನೋಡಿಕೊಂಡರೆ ಸೆರಗು ನನ್ನ ಬಾಯೊಳಗಿತ್ತು. ಯಾವಾಗ ತುರುಕಿಕೊಂಡೆನೋ ನನಗೇ ತಿಳಿಯದು. ಇಡೀ ಸಂತೆಗೆ ಕೇಳುವ ಹಾಗೆ ಒದರಿ ಬದುಕಿದವಳು ನಾನು! ಹೊರಗೆ ಬೀಗರು ಉಣ್ಣುತ್ತಿದ್ದಾರೆ ಅಂತ ಸುಮ್ಮನೆ ಸಾಯಲು ಹೊರಟಿದ್ದೆನಲ್ಲ ಅಂತ ನೆನೆದು ಹೆದರಿದೆ. ನೋವಿಗೆ ನಾನು ಅಷ್ಟು ಹೆದರಿರಲಿಲ್ಲ.

ಅವ್ವ ಇಲ್ಲ, ನರ್ಸಬಾಯಿ ಇಲ್ಲ. ಸಂಜೆ ಬೀಗರು ಹೋದ ಮೇಲೆ ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ನಾ ಸುಮ್ಮನಾದೆ ಅಂದ್ರ ಒಳಗ ಬಂದು ನೋಡು ಯವ್ವಾ, ಬಾಯಾಗ ಸೆರಗ ಇದ್ರ ಕಿತ್ತ ತಗಿ ಅಂದೆ. ಆಕೆ ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ಅವತ್ತಿನಿಂದ ನನ್ನ ಕೋಣೆಯ ಬಾಗಿಲನ್ನು ಯಾರಿಗೂ ಮುಚ್ಚಗೊಡಲೊಲ್ಲಳು. ಆದರೂ ಮತ್ತೆಲ್ಲಿ ಬಾಯಿ ಮುಚ್ಚಿಕೊಂಡುಬಿಡುತ್ತೇನೋ ಅನ್ನುವ ಅಂಜಿಕೆ ನನಗೆ ಹೋಗಿಲ್ಲ.